ಓವನಿಗೆ ಅಂಟಿಸಿದ ಪ್ಲಾಸ್ಟರ್

ಆಲಂಕಾರು ಊರಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ಕರಿಬೇವಿನ ಗಿಡ ಮಾತ್ರ. ಅಲ್ಲಿ ಏನು ಬೇಯುತ್ತಿದೆ ಎಂಬುದು ಈಚೆ ನಿಂತರೂ ಮೂಗಿಗೆ ತಿಳಿಯುತ್ತದೆ. ಕಳೆದ ವರ್ಷ ಮಳೆ ಬಿಟ್ಟ ಮೇಲೆ ಆ ಅಡುಗೆಮನೆಯಿಂದ ಸುಟ್ಟ ವಾಸನೆ ಬರತೊಡಗಿತು. ಅದಕ್ಕೆ ಕಾರಣ ನಾನು.

ಆ ಮನೆಯ ಮಗ ಸೌದಿಯಲ್ಲಿದ್ದಾನೆ. ಅಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಗ್ಯಾಸ್ ಓವನನ್ನು ತಂಗಿಗೆಂದು ಊರಿಗೆ ಕಳಿಸಿದ್ದ. ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದ ಅವಳಿಗೆ ಕೇಕ್ ಮಾಡಿ ಮಾರುವ ಆಸೆ. ತಾಯಿಗೆ ಅದರಲ್ಲಿ ನಂಬಿಕೆಯಿಲ್ಲ.

"ಗ್ಯಾಸ್ ಎಷ್ಟು ಕುಡಿತದೆ ಗೊತ್ತುಂಟಾ ಅಕ್ಕ, ಇದು? ನಾಲ್ಕು ಸಲ ನೋಡುದು. ಆಗದಿದ್ರೆ ಉಪ್ಪಿನಂಗಡಿಯ ಹಳೇ ಸಾಮಾನಿನವನಿಗೆ ಕೊಡುದು."

ಹುಡುಗಿ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ವಿಡಿಯೋದಲ್ಲಿ ನೂರ ಎಂಬತ್ತು ಡಿಗ್ರಿ ಸೆಲ್ಸಿಯಸ್ ಎಂದಿತ್ತು. ಓವನಿನ ಗುಂಡಿಯ ಸುತ್ತ ಇದ್ದದ್ದೆಲ್ಲ ಫ್ಯಾರನ್‌ಹೀಟ್, ಅದೂ ಇನ್ನೂರರಿಂದ ಐನೂರರವರೆಗೆ.

"ಆಂಟಿ, ಇದರಲ್ಲಿ ನೂರ ಎಂಬತ್ತೇ ಇಲ್ಲ. ಮೊಬೈಲಲ್ಲಿ ಹುಡುಕ್ಲಾ?"

"ಅದಕ್ಕೂ ಮೊಬೈಲಾ ಮಾರಾಯ್ತಿ? ತ್ರೈರಾಶಿ ಸಾಕು" ಎಂದೆ.

ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಎಂದರೆ ಅಕ್ಕಪಕ್ಕದವರು ನನ್ನ ಹತ್ತಿರವೇ ಬರುತ್ತಾರೆ. ಆ ಧೈರ್ಯ ನನ್ನದು. ನಮ್ಮಲ್ಲಿ ಎರಡು ಥರ್ಮಾಮೀಟರ್ ಇವೆ, ಹಳೆಯದು ಫ್ಯಾರನ್‌ಹೀಟ್, ಹೊಸದು ಸೆಲ್ಸಿಯಸ್. ಹಳೆಯದರಲ್ಲಿ ಜ್ವರ ನೂರಾದರೆ ಹೊಸದರಲ್ಲಿ ಹತ್ತಿರ ಹತ್ತಿರ ಮೂವತ್ತೆಂಟು ತೋರಿಸುತ್ತದೆ. ಮೂವತ್ತೆಂಟಕ್ಕೆ ನೂರಾದರೆ ನೂರ ಎಂಬತ್ತಕ್ಕೆ ಎಷ್ಟು? ನಾನೂರ ಎಪ್ಪತ್ತೈದರ ಹತ್ತಿರ ಬಂತು. ಗಾಯಕ್ಕೆ ಹಾಕುವ ಪ್ಲಾಸ್ಟರಿನ ಒಂದು ತುಂಡಿನ ಮೇಲೆ "180 = 475" ಎಂದು ಬರೆದು, ಗುಂಡಿಯ ಪಕ್ಕದಲ್ಲಿ ನಾನೇ ಅಂಟಿಸಿ ಬಂದೆ.

ಮೊದಲ ಕೇಕ್ ಮೇಲೆಲ್ಲ ಕರಿ, ಒಳಗೆ ಹಸಿ ಹಿಟ್ಟು. ಎರಡನೆಯದೂ ಹಾಗೆಯೇ. ಮೂರನೆಯದನ್ನು ತಾಯಿ ತಟ್ಟೆಯಲ್ಲಿಟ್ಟುಕೊಂಡು ಬಂದು ನನಗೆ ತೋರಿಸಿದರು. "ನೋಡಿ ಅಕ್ಕ, ಇದರಲ್ಲಿ ಮನೆಯ ಅಡಿಪಾಯ ಕಟ್ಟಬಹುದು. ಇವಳ ಗಮನ ಎಲ್ಲಿ ಉಂಟೋ! ನೀವು ಅಷ್ಟು ಚಂದ ಲೆಕ್ಕ ಮಾಡಿ ಕೊಟ್ಟದ್ದೂ ದಂಡ."

ಹುಡುಗಿ ಕರಿಬೇವಿನ ಗಿಡದ ಆಚೆ ನಿಂತಿದ್ದಳು. ನಾನು ಸುಮ್ಮನಿರಬಹುದಿತ್ತು. "ಹಿಟ್ಟು ಜಾಸ್ತಿ ಕಲಸಿದ್ಯೋ ಏನೋ" ಎಂದೆ. ಅವಳು ಹೌದೆಂಬಂತೆ ತಲೆಯಾಡಿಸಿ ಒಳಗೆ ಹೋದಳು. ಹಾಗೆ ತಲೆಯಾಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಫ್ರಿಜ್ಜಿನ ಐಸಿನ ಟ್ರೇಗೆ ನೀರು ತುಂಬಿಸುತ್ತಿದ್ದೆ. ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್ಸಿನಲ್ಲಿ ಸೊನ್ನೆಗೆ, ಫ್ಯಾರನ್‌ಹೀಟಿನಲ್ಲಿ ಮೂವತ್ತೆರಡಕ್ಕೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ತಟ್ಟನೆ ನೆನಪಾಯಿತು. ಟ್ರೇ ತುಂಬಿ ನೀರು ಕೈಮೇಲೆ ಹರಿಯಿತು. ಎರಡು ಅಳತೆಗಳು ಹೊರಡುವ ಜಾಗವೇ ಬೇರೆ ಬೇರೆಯಾದರೆ ತ್ರೈರಾಶಿ ನಡೆಯುವುದು ಹೇಗೆ? ನೂರ ಎಂಬತ್ತನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದೆ. ಮುನ್ನೂರ ಐವತ್ತಾರು.

ಕೂಡಲೇ ಹೋಗಲಿಲ್ಲ. ಬಟ್ಟೆ ಒಣಹಾಕಿದೆ, ತೆಂಗಿನಕಾಯಿ ತುರಿದೆ, ಬೇಡದಿದ್ದರೂ ಡಬ್ಬಿಗಳನ್ನು ಒರೆಸಿಟ್ಟೆ. ಹಳೇ ಸಾಮಾನಿನವನಿಗೆ ತಾಯಿ ಫೋನಿನಲ್ಲಿ ದಾರಿ ಹೇಳುವುದು ಕೇಳಿಸಿದ ಮೇಲೆಯೇ "180 = 356" ಎಂದು ಬರೆದ ಹೊಸ ಪ್ಲಾಸ್ಟರ್ ಹಿಡಿದುಕೊಂಡು ಓಡಿದೆ.

"ಅಕ್ಷರ ಮಾಸಿದ ಹಾಗೆ ಉಂಟು, ಬೇರೆ ಹಾಕ್ತೇನೆ. ಇನ್ನೊಂದು ಸಲ ಮಾಡ್ಲಿ, ನಾಲ್ಕು ಸಲ ಅಂತ ನೀವೇ ಹೇಳಿದ್ದಲ್ವಾ?" ಎಂದೆ. ಅಕ್ಷರ ಏನೂ ಮಾಸಿರಲಿಲ್ಲ.

ನಾಲ್ಕನೆಯ ಕೇಕ್ ಉಬ್ಬಿತು. ಮನೆಯಿಡೀ ಏಲಕ್ಕಿಯ ಪರಿಮಳ. ತಾಯಿ ಹೊರಗಿನ ಕೋಣೆಗೆ ಹೋಗಿ ಈಶ್ವರಮಂಗಲದ ನಾದಿನಿಗೆ ಫೋನ್ ಮಾಡಿದರು. "ಬೈದು ಬೈದು ಕಲಿಸಿದ್ದು ನಾನು. ಈಗ ಗಮನ ಕೊಟ್ಟಳು, ಆಯ್ತು!"

ಹುಡುಗಿ ಮೊದಲ ತುಂಡನ್ನು ನನ್ನ ಮುಂದಿಟ್ಟು ತಗ್ಗಿದ ದನಿಯಲ್ಲಿ ಕೇಳಿದಳು. "ಆಂಟಿ, ಮೊದಲು ಬರೆದದ್ದು ತಪ್ಪಲ್ವಾ?"

"ಹೌದು."

"ನಂಗೆ ಎರಡನೇ ಸಲವೇ ಸಂಶಯ ಬಂದಿತ್ತು. ಆದ್ರೆ ಬರೆದದ್ದು ನೀವಲ್ವಾ, ಹೇಗೆ ಕೇಳುದು ಅಂತ..."

ಕೇಕನ್ನು ಬಾಯಿಗಿಡಲು ನನ್ನಿಂದಾಗಲಿಲ್ಲ. ತಾಯಿ ಫೋನ್ ಇಡುವವರೆಗೆ ಕಾದು, ಹೊರಗೆ ಹೋಗಿ ಎಲ್ಲವನ್ನೂ ಹೇಳಿದೆ: ಥರ್ಮಾಮೀಟರಿನ ಲೆಕ್ಕ, ಮಾಸದ ಅಕ್ಷರ, ಹಿಟ್ಟಿನ ಮೇಲೆ ಹಾಕಿದ ದೂರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟೇಯಾ? ಕೇಕಿಗೆ ಜ್ವರ ಬರಿಸಿದ್ದಲ್ವಾ ಮಾರಾಯ್ರೆ ನೀವು!"

ನಾನೂ ನಕ್ಕೆ. ಒಳಗೆ ಹುಡುಗಿ ಸುಟ್ಟ ಪಾತ್ರೆ ಉಜ್ಜುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಅವಳು ನಗಲಿಲ್ಲ. ಬೈಗುಳ ತಿಂದವಳು ಅವಳು, "ಅಷ್ಟೇಯಾ" ಎಂದು ಅವಳನ್ನು ಕೇಳದೆಯೇ ನಾವಿಬ್ಬರು ನಕ್ಕು ಮುಗಿಸಿಬಿಟ್ಟೆವು. ಒಳಗೆ ಹೋಗಿ ಅವಳ ಪಕ್ಕ ನಿಂತು ಇನ್ನೊಂದು ಪಾತ್ರೆ ಕೈಗೆತ್ತಿಕೊಂಡೆ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು.