ಸೆಗಾಮಾಟಿನ ತೋಟಕ್ಕೆ ಹೊಗೆ ನೋಡಲು ಹೋದದ್ದು

ಶನಿವಾರ ಬೆಳಿಗ್ಗೆ ಏಳಕ್ಕೆ ಮೆಲಾಕಾ ಬಿಟ್ಟೆವು. ಸೆಗಾಮಾಟ್ ಅಲ್ಲಿಂದ ತೊಂಬತ್ತು ಕಿಲೋಮೀಟರಿನ ಆಸುಪಾಸು. ನಡುವೆ ನಿಂತು ತಿಂಡಿ ತಿಂದರೂ ಎರಡು ಗಂಟೆಯ ದಾರಿ. ಅಷ್ಟಕ್ಕೆ ನಾನು ಕಟ್ಟಿಕೊಂಡ ಚೀಲ ನೋಡಿ ಗಂಡ ಗಣೇಶ್ ನಕ್ಕರು. ಅದರಲ್ಲಿ ನೆಬ್ಯುಲೈಸರ್, ಇನ್‌ಹೇಲರ್, ಸ್ಟೆತೊಸ್ಕೋಪ್, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರ, ಮಾಸ್ಕು ಎಲ್ಲ ಇದ್ದವು.

"ಎಂತ ಮಾರಾಯ್ತಿ, ತೋಟಕ್ಕೆ ಹೋಗುವುದಾ, ಐಸಿಯು ತೆರೆಯಲಿಕ್ಕೆ ಹೋಗುವುದಾ?" ಅಂದರು. ನನಗೆ ನಗು ಬರಲಿಲ್ಲ.

ನಾವಿಬ್ಬರೂ ಉಡುಪಿ ಕಡೆಯವರು, ಕಡಲು ದಾಟಿ ಬಂದು ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವರು. ಹಿಂದಿನ ಸೀಟಿನಲ್ಲಿದ್ದ ಮಗಳು ನಿಧಿಗೆ ಹತ್ತು ವರ್ಷ. ಸಣ್ಣ ಮಗುವಾಗಿದ್ದಾಗಿನಿಂದ ಉಬ್ಬಸ. ನಾವು ಕೆಲಸಕ್ಕೆ ಹೋದಾಗ ಅವಳನ್ನು ಎತ್ತಿ ಆಡಿಸಿದ್ದು ಪಕ್ಕದ ಮನೆಯ ನರ್ಸ್ ಸೆಲ್ವಿ ಅಕ್ಕ. ನಿವೃತ್ತಿಯಾದ ಮೇಲೆ ಅಕ್ಕ ಸೆಗಾಮಾಟಿನಲ್ಲಿದ್ದ ತಂದೆಯ ಡುರಿಯನ್ ಹಣ್ಣಿನ ತೋಟಕ್ಕೆ ಹೋಗಿ ನೆಲೆಸಿದರು. ಕಳೆದ ವರ್ಷ ನಿಧಿ ಅಲ್ಲಿದ್ದಾಗ ಅಕ್ಕ ಸವರಿದ ಕೊಂಬೆಗಳನ್ನು ರಾಶಿ ಹಾಕಿ ಸುಟ್ಟರು. ಗಾಳಿ ತಿರುಗಿತು, ಹೊಗೆ ಮನೆಯೊಳಗೆ ನುಗ್ಗಿತು. ಮಗಳ ತುಟಿ ನೀಲಿಯಾದದ್ದನ್ನು ನಾನು ಆಸ್ಪತ್ರೆಯ ಮಂಚದ ಮೇಲೆ ನೋಡಿದೆ. ಆಮೇಲೆ ಅವಳನ್ನು ಆ ಕಡೆ ಕಳಿಸಿರಲಿಲ್ಲ.

ಈಗ ಅಕ್ಕ ಫೋನಿನಲ್ಲಿ ಹೇಳಿದ್ದೇ ಬೇರೆ. ಬಯಲಲ್ಲಿ ಸುಡುವುದನ್ನು ಪೂರ್ತಿ ಬಿಟ್ಟಿದ್ದಾರಂತೆ. ಕೃಷಿ ಕಚೇರಿಯಲ್ಲಿ ಕೇಳಿಕೊಂಡು, ಅದೇ ಕೊಂಬೆಗಳಿಂದ ಹೊಗೆಯಿಲ್ಲದೆ ಇದ್ದಿಲು ಮಾಡಿ ಮಣ್ಣಿಗೆ ಸೇರಿಸುತ್ತಾರಂತೆ. ನಿಧಿಯನ್ನು ರಜೆಗೆ ಬಿಟ್ಟುಹೋಗಿ ಎಂದು ಅವರೂ ಅಂದರು, ಬಿಡು ಎಂದು ಇವಳೂ ಹಟ ಹಿಡಿದಳು. ಸುಡುವುದನ್ನು ನಾನೇ ಕಣ್ಣಾರೆ ನೋಡಬೇಕು, ನಿನ್ನ ಸೆಲ್ವಿ ಆಂಟಿಯ ಬೆಂಕಿಯಿಂದ ಒಂದೆಳೆ ಹೊಗೆ ನಿನ್ನ ಕಡೆ ಬಂದರೂ ಅದೇ ದಿನ ವಾಪಸ್ಸು ಎಂದು ಷರತ್ತು ಹಾಕಿದೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ನನ್ನದು ಅದೇ ಪಾಡು.

ತಂಕಾಕ್ ಪೇಟೆಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ರೋಟಿ ಚನಾಯ್ ತಿಂದು, ಎತ್ತಿ ಸುರಿದು ನೊರೆ ಬರಿಸಿದ ತೇ ತಾರಿಕ್ ಚಹಾ ಕುಡಿದೆವು. ಅಕ್ಕನಿಗೆಂದು ನಾಲ್ಕು ರೋಟಿ ತಪಾವ್ ಕಟ್ಟಿಸಿಕೊಂಡೆವು. ಮಳೆ ಬಂದು ವಾರವಾಗಿತ್ತು. ಅಲ್ಲಿಂದ ಎದುರಿಗೇ ಕಾಣಬೇಕಾದ ಲೆದಾಂಗ್ ಬೆಟ್ಟ ಮಂಕಾಗಿ ಕಾಣುತ್ತಿತ್ತು. ಅದು ಮಂಜೋ, ಯಾರೋ ಎಲ್ಲೋ ಹಾಕಿದ ಬೆಂಕಿಯ ಮಬ್ಬೋ ಎಂದು ನನಗೆ ಅಲ್ಲಿಂದಲೇ ಅಳುಕು ಶುರುವಾಯಿತು. ಕಾರಿನ ಗಾಜು ಇಳಿಸಬೇಡ ಎಂದು ದಾರಿಯುದ್ದಕ್ಕೂ ಎಷ್ಟು ಸಲ ಹೇಳಿದೆನೋ. ನಿಧಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಳು.

ಅಕ್ಕ ತಂತಿಬೇಲಿಯ ಬಳಿಯೇ ಕಾಯುತ್ತಿದ್ದರು. ನನ್ನ ಮುಖ ನೋಡಿದವರೇ "ಬಯಪ್ಪಡಾದೆ ತಂಗಚ್ಚಿ" ಎಂದು ಕೈ ಹಿಡಿದುಕೊಂಡರು. ಹೆದರಬೇಡ ಎಂದರೆ ಹೆದರದೆ ಇರುವ ಹೆಂಗಸು ನಾನಲ್ಲ.

ಮರಗಳಿಂದ ದೂರದ ಖಾಲಿ ಜಾಗದಲ್ಲಿ, ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಿದ್ದರು. ಪಕ್ಕದಲ್ಲಿ ನೀರು ತುಂಬಿದ ಡ್ರಮ್ಮುಗಳು, ಉದ್ದದ ಪೈಪು. ಕೊಂಬೆಗಳನ್ನು ಮೂರು ತಿಂಗಳು ಒಣಗಿಸಿ ಇಟ್ಟಿದ್ದರಂತೆ. ಕಳೆದ ವರ್ಷದ ತಪ್ಪು ಹಸಿ ಸೌದೆಯದ್ದು ಎಂದು ಅವರೇ ಹೇಳಿದರು. ನಮ್ಮೂರ ಬಚ್ಚಲ ಒಲೆಯ ಹಾಗೆ ಕೆಳಗಿನಿಂದ ಬೆಂಕಿ ಹಚ್ಚಲಿಲ್ಲ, ರಾಶಿಯ ನೆತ್ತಿಗೆ ಹಚ್ಚಿದರು. ಸೌದೆಯಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ದಾಟುವಾಗ ಅಲ್ಲೇ ಉರಿದುಹೋಗುತ್ತದೆ. ಒಂದು ಪದರ ಬೂದಿ ಕಟ್ಟುವ ಹೊತ್ತಿಗೆ ಮೇಲೊಂದು ಪದರ ಕೊಂಬೆ ಹಾಕಬೇಕು, ಜ್ವಾಲೆ ಮಾತ್ರ ಆರಬಾರದು. ಕೊನೆಗೆ ನೀರು ಸುರಿದು ನಂದಿಸಿದರೆ ಕೆಳಗಿದ್ದದ್ದು ಇದ್ದಿಲಾಗಿ ಉಳಿಯುತ್ತದೆ.

ನಿಧಿಯನ್ನು ದೂರದ ಜಗಲಿಯ ಮೇಲೆ ಕೂರಿಸಿ, ನಾನು ನಡುವೆ ಕಾವಲಿಗೆ ನಿಂತೆ. ಮೊದಲ ಕೆಲವು ನಿಮಿಷ ತೆಳ್ಳಗೆ ಹೊಗೆ ಎದ್ದಾಗ ಔಷಧಿಯ ಚೀಲ ಕೈಗೆತ್ತಿಕೊಂಡೆ. ಅದು ನೇರ ಮೇಲೆ ಹೋಗಿ ಮಾಯವಾಯಿತು. ಆಮೇಲೆ ಎರಡು ಗಂಟೆ ಬರೀ ಬೆಂಕಿ. ಬಿಸಿಗೆ ಮುಖ ಬೇಯುತ್ತಿತ್ತು, ಕಣ್ಣು ಮಾತ್ರ ಉರಿಯಲಿಲ್ಲ. ಇಷ್ಟು ದೊಡ್ಡ ಬೆಂಕಿಗೆ ಹೊಗೆಯೇ ಇಲ್ಲದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನಿಧಿ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದಳು. ನನಗೂ ಅಷ್ಟು ಹೊತ್ತಿಗೆ ಮನಸ್ಸು ಹಗುರವಾಗುತ್ತಾ ಬಂದಿತ್ತು.

ಕೊನೆಯ ಪದರ ಇನ್ನೂ ಉರಿಯುತ್ತಿತ್ತು. ಅಕ್ಕ ಪೈಪು ಬಿಡಿಸಲು ಆಚೆ ಹೋದರು. ಸಹಾಯ ಮಾಡದೆ ಕೂರಲಾರದ ಜಾತಿ ನನ್ನ ಗಂಡನದು. ಊರಲ್ಲಿ ಮಲ್ಲಿಗೆ ಗಿಡಕ್ಕೆಂದು ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಸುಡುಮಣ್ಣು ಮಾಡಿ ಬೆಳೆದ ಕೈ. ಬೆಂಕಿ ಆರಿಸುವುದೆಂದರೆ ಆ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ಗುದ್ದಲಿ ತೆಗೆದುಕೊಂಡವರೇ ಉರಿಯ ಮೇಲೆ ನಾಲ್ಕಾರು ಸಲ ಮಣ್ಣೆಳೆದುಬಿಟ್ಟರು. ಜ್ವಾಲೆ ಆರಿತು. ಬೇಯುತ್ತಿದ್ದ ಕೊಂಬೆಗಳ ಹೊಗೆಯನ್ನು ಸುಡುವವರೇ ಇಲ್ಲವಾಗಿ, ದಟ್ಟ ಹಳದಿ ಹೊಗೆ ಬುಸ್ಸೆಂದು ಎದ್ದು ಸೀದಾ ಜಗಲಿಯ ಕಡೆ ಹೊರಳಿತು.

"ಎಂತ ಮಾಡಿದ್ದು ನೀವು!" ಎಂದು ಕಿರುಚಿ ನಾನು ಚೀಲ ಹಿಡಿದು ಓಡಿದೆ. ಜಗಲಿಯ ಮೇಲೆ ಮಗಳಿರಲಿಲ್ಲ. ಅವಳ ಹೆಸರು ಕೂಗುತ್ತಾ ಹೊಗೆಯಲ್ಲಿ ಕೆಮ್ಮುತ್ತಾ ಮನೆ ಸುತ್ತಿದೆ.

ಅವಳು ಗಾಳಿ ಬೀಸಿ ಬರುತ್ತಿದ್ದ ಕಡೆ, ಗುಂಡಿಯ ಆಚೆ ಬದಿಯಲ್ಲಿ, ಮರದ ಬುಡಕ್ಕೆ ಒರಗಿ ಕೂತಿದ್ದಳು. ಜೇಬಿನಿಂದ ತನ್ನದೇ ಇನ್‌ಹೇಲರ್ ತೆಗೆದು ಎಳೆದುಕೊಂಡಾಗಿತ್ತು. ಉಸಿರು ಹಿಡಿದು ನಿಧಾನ ಬಿಟ್ಟಳು. ಆಮೇಲೆ, "ಅಮ್ಮಾ, ಐ ಮೂವ್ಡ್ ಫಸ್ಟ್. ಯೂ ಆರ್ ದಿ ಒನ್ ಕಾಫಿಂಗ್," ಅಂದಳು.

ಅಕ್ಕ ನೀರು ಬಿಟ್ಟು ಹೊಗೆ ಅಡಗಿಸಿದರು. ಗಣೇಶ್ ಬಂದು ಮಗಳ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು, ಎಲ್ಲ ಸರಿಯಿದೆ ಎಂದರು. ನಾನು ಅದನ್ನು ಕಿತ್ತುಕೊಂಡು ನಾನೇ ಇಟ್ಟು ಕೇಳಿದೆ. ಉಬ್ಬಸದ ಸಿಳ್ಳೆ ಇಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದೆ. ಆಗಲೂ ಇಲ್ಲ. ಆದರೂ ಹೊರಡು, ಬ್ಯಾಗ್ ತೆಗೆದುಕೋ ಅಂದೆ.

ಅವಳು ಎದ್ದೇಳಲಿಲ್ಲ. ಆಂಟಿಯ ಬೆಂಕಿಯಿಂದ ಹೊಗೆ ಬಂದರೆ ತಾನೇ ವಾಪಸ್ಸು, ಆಂಟಿಯ ಹೊಗೆ ತನ್ನತ್ತ ಬರಲೇ ಇಲ್ಲವಲ್ಲ, ಬಂದದ್ದು ಅಪ್ಪನ ಹೊಗೆ ಎಂದು ತನ್ನ ಇಂಗ್ಲಿಷಿನಲ್ಲಿ ವಾದಿಸಿದಳು. ಕೊನೆಗೆ, "ಸೋ ಯೂ ಟೇಕ್ ಅಪ್ಪ ಹೋಮ್ ಲಾ. ಐ ಸ್ಟೇ."

ಅಕ್ಕ ಬಾಯಿಗೆ ಸೆರಗು ಹಿಡಿದರು. ಗಣೇಶ್ ತಲೆ ತಗ್ಗಿಸಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಆ ಹೊಗೆಯಲ್ಲಿ ಎತ್ತ ಓಡಬೇಕೆಂದು ತಿಳಿಯದೆ ನಾನು ಮನೆ ಸುತ್ತುತ್ತಿದ್ದೆ. ಅವಳಿಗೆ ತಿಳಿದಿತ್ತು. ಅವಳ ಬ್ಯಾಗನ್ನು ನಾನೇ ಕಾರಿನಿಂದ ಇಳಿಸಿದೆ, ಔಷಧಿಯ ಚೀಲವನ್ನು ಅಕ್ಕನ ಕೈಗೆ ಕೊಟ್ಟೆ.

ನಾಲ್ಕು ಗಂಟೆಗೆ ಹೊರಟೆವು. ಬೇಲಿ ದಾಟುವಾಗ ತಿರುಗಿ ನೋಡಿದೆ. ಅಕ್ಕನ ನಾಯಿಯ ಹಿಂದೆ ನಿಧಿ ಮರಗಳ ನಡುವೆ ಓಡುತ್ತಿದ್ದಳು. ಈಗ ನಿಲ್ಲುತ್ತಾಳೆ, ಮೊಣಕಾಲಿಗೆ ಕೈಯೂರಿ ಬಗ್ಗುತ್ತಾಳೆ ಎಂದು ಕಾದೆ. ರಸ್ತೆ ತಿರುಗಿ ತೋಟ ಮರೆಯಾಗುವವರೆಗೂ ಅವಳು ನಿಲ್ಲಲಿಲ್ಲ.