ಪಾಟಿಯ ತಣ್ಣೀರಿನ ಸಾಸಿವೆ

ಮಾವಿನಹಣ್ಣಿನ ಸಾಸಿವೆ ಮಾಡೋಣವೆಂದು ಇವತ್ತು ಒಂದು ಚಮಚ ಸಾಸಿವೆ ಅರೆಯುತ್ತಿದ್ದೆ. ತಣ್ಣೀರು ಹಾಕಿದ್ದೇ ತಡ, ಘಾಟು ಮೂಗಿಗೆ ಅಡರಿತು. ನೆನಪಾದದ್ದು ಅವಳು. ಹಳೆಯ ಹೊಟ್ಟೆಕಿಚ್ಚೂ ಜೊತೆಗೇ ಎದ್ದು ಕೂತಿತು.

ಐವತ್ತರ ದಶಕದ ಕೊನೆ, ಮದರಾಸು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವಳಿಗೂ ನನಗೂ ಒಂದೇ ಮೇಜು. ನಾನು ಗಿಂಡಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನವರ ಮಗಳು. ಅವಳದು ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ವೈಷ್ಣವ ಮನೆ. ಅವಳ ಜಡೆ ನನ್ನದಕ್ಕಿಂತ ಉದ್ದ, ಅಕ್ಷರ ನನ್ನದಕ್ಕಿಂತ ದುಂಡು. ಮೇಷ್ಟ್ರು ಪ್ರಶ್ನೆ ಕೇಳುವಾಗ ನೋಡುತ್ತಿದ್ದದ್ದೂ ಅವಳ ಕಡೆಗೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಶೋಧನೆಗೆ ಮೇಷ್ಟ್ರು ಒಬ್ಬರನ್ನೇ ತೆಗೆದುಕೊಳ್ಳುವವರಿದ್ದರು. ನಮಗಿಟ್ಟ ಪರೀಕ್ಷೆ ಇಷ್ಟೇ: ಸಾಸಿವೆಯ ಘಾಟು ಹೊರಡಿಸಿ ತೋರಿಸಬೇಕು. ಒಳಗೊಳಗೇ ನಕ್ಕೆ. ಹೋಟೆಲಿನವರ ಮಗಳಿಗೆ ಸಾಸಿವೆ ಅರೆಯಲು ಹೇಳಿಕೊಡಬೇಕೇ? ಪಲ್ಲಾವರಂ ಸಂತೆಯಿಂದ ಇಬ್ಬರೂ ಒಂದೇ ಸಾಸಿವೆ ತಂದೆವು. ಹಸಿ ಸಾಸಿವೆ ಕಹಿಯೆಂದು ಗಿರಾಕಿಗಳು ಗೊಣಗುತ್ತಿದ್ದುದರಿಂದ ನಮ್ಮ ಅಡುಗೆಮನೆಯಲ್ಲಿ ಹುರಿದೇ ಅರೆಯುವ ರೂಢಿ. ನಾನೂ ಚೆನ್ನಾಗಿ ಹುರಿದು, ನುಣ್ಣಗೆ ಅರೆದು ಮುಂದಿಟ್ಟೆ. ಮೇಷ್ಟ್ರು ಮೂಸಿದರು. ಏನೂ ಇಲ್ಲ... ಅವಳ ಬಟ್ಟಲಿಗೆ ಬಗ್ಗಿದವರ ಕಣ್ಣಲ್ಲಿ ಮಾತ್ರ ನೀರು ಬಂತು.

ಘಾಟು ಕಾಳಿನೊಳಗೆ ಸಿದ್ಧವಾಗಿ ಇರುವುದಿಲ್ಲವಂತೆ. ಗಿಡ ಎರಡು ವಸ್ತುಗಳನ್ನು ಬೇರೆ ಬೇರೆ ಇಟ್ಟಿರುತ್ತದೆ. ಹುಳ ಕಚ್ಚಿದಾಗಲೋ ನಾವು ನೀರು ಹಾಕಿ ಅರೆದಾಗಲೋ ಅವು ಸೇರುತ್ತವೆ, ಆಗ ಅವುಗಳಲ್ಲೊಂದಾದ ಕಿಣ್ವ, ಅಂದರೆ ಎಂಜೈಮು, ಘಾಟನ್ನು ತಯಾರಿಸುತ್ತದೆ. "ನೀನು ಬಾಣಲೆಯಲ್ಲೇ ಎಂಜೈಮನ್ನು ಕೊಂದೆಯಮ್ಮ," ಅಂದರು ಮೇಷ್ಟ್ರು.

ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದು, ತಮಿಳು ಬೆರೆಸಿ, "ಇದೊಂದು ಪೆರಿಯ ವಿಷಯವೇನೇ? ನಮ್ಮ ಪಾಟಿ ಯಾವಾಗಲೂ ತಣ್ಣೀರಲ್ಲೇ ಅರೀತಾರೆ, ಅಷ್ಟೇ," ಅಂದಳು. ಪಾಟಿಯೆಂದರೆ ಅವಳ ಅಜ್ಜಿ. ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಇನ್ನಷ್ಟು ಉರಿಯಿತು.

"ಸಾಕು ಮಾರಾಯ್ತಿ," ಎಂದು ಕೈ ಬಿಡಿಸಿಕೊಂಡೆ.

ಜಾಗ ಅವಳಿಗೇ ಸಿಕ್ಕಿತು. ಆದರೆ ವರ್ಷ ತುಂಬುವುದರೊಳಗೆ ಅವಳಿಗೆ ಮದುವೆಯಾಯಿತು, ಗಂಡನ ಮನೆಯವರು ಲ್ಯಾಬು ಬೇಡವೆಂದರು. ಖಾಲಿಯಾದ ಸ್ಟೂಲು ನನಗೆ ಬಂತು. ಗಿಡಗಳ ಕಿಣ್ವಗಳ ಬೆನ್ನು ಹತ್ತಿಯೇ ನನ್ನ ಆಯಸ್ಸು ಕಳೆಯಿತು, ಒಂದಿಷ್ಟು ಹೆಸರೂ ಬಂತು. ಆದರೂ ನನ್ನ ಕೆಲಸ ನೋಡಿದಾಗಲೆಲ್ಲ ಮೇಷ್ಟ್ರು, "ಅವಳಿದ್ದಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಬಿಟ್ಟುಹೋದವಳ ಮೇಲೂ ಹೊಟ್ಟೆಕಿಚ್ಚು ಪಡುವುದು ಎಂಥ ಪಾಡು ನೋಡಿ!

ಹೋದ ತಿಂಗಳು ಅವಳು ತೀರಿಕೊಂಡ ಸುದ್ದಿ ಬಂತು.

ಅರೆದದ್ದನ್ನು ಮಾವಿನಹಣ್ಣಿಗೆ ಬೆರೆಸಿ ರುಚಿ ನೋಡಿದೆ. ಚೆನ್ನಾಗಿದೆ. ಅವಳು ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಅಭ್ಯಾಸದಂತೆ ಉರಿಯಲು ಹೊರಟೆ... ಆಗಲಿಲ್ಲ. ಹೊಟ್ಟೆಕಿಚ್ಚು ಪಡಲಿಕ್ಕೂ ನನಗೀಗ ಯಾರೂ ಇಲ್ಲ.