ಉಣ್ಣೆಯ ವೈರು, ಶಿರವಾಳದ ಲೈಟು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯ ತೊಲೆಗೆ ಬಲ್ಬು ಕಟ್ಟಿದ ಮಹಾನುಭಾವ ನಾನೇ. ಕರೆಂಟು? ಅದಿನ್ನೂ ನಮ್ಮೂರ ಕಡೆ ಮುಖ ಮಾಡಿರಲಿಲ್ಲ.

ನಿಜಾಮರ ಆಡಳಿತ ಹೋಗಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಗಳಲ್ಲಿ ಉರ್ದು ಹೊರಗೆ ಹೋಗಲೋ ಬೇಡವೋ ಎಂದು ನಿಂತಿತ್ತು, ಕನ್ನಡ ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು. ಆ ಸಂದಿಯಲ್ಲಿ ‘ಲೈಟ್’ ಎಂಬ ಇಂಗ್ಲಿಷ್ ಮಾತು ನುಸುಳಿತು. ಮೆರವಣಿಗೆಯಲ್ಲಿ ತಲೆಯ ಮೇಲೆ ಹೊರುವ ಗ್ಯಾಸ್‌ಬತ್ತಿಯೂ ಲೈಟ್, ಪೊಲೀಸರ ಕೈಯ ಬ್ಯಾಟರಿಯೂ ಲೈಟ್. ಯಾದಗಿರಿಯ ಬಟ್ಟೆ ಅಂಗಡಿಯಾತ ಮಾಸಿದ ಸೀರೆಯನ್ನು ‘ಲೈಟ್ ಕಲರ್ ರೀ’ ಎಂದು ಮಾರುತ್ತಿದ್ದ. ಹೋಟೆಲಿನವ ಬಿಸಿನೀರಿಗೆ ಪುಡಿಯ ಪರಿಚಯ ಮಾಡಿಸಿ ‘ಲೈಟ್ ಚಾ’ ಎನ್ನುತ್ತಿದ್ದ. ಶಹಾಪುರದಲ್ಲಿ ತಂತಿಯಿಲ್ಲದೆ ನಿಂತ ಕಂಬಗಳೂ ಲೈಟ್ ಕಂಬಗಳೇ. ಆ ಕಂಬಗಳಿಗೆ ಮೈ ತಿಕ್ಕುವ ಎಮ್ಮೆಗಳ ಮಟ್ಟಿಗೆ ಲೈಟ್ ಎಂದರೆ ಬೆನ್ನಿನ ತುರಿಕೆಗೆ ಮದ್ದು. ಇನ್ನು ನಮ್ಮ ಶಿರವಾಳಕ್ಕೆ ಆ ಮಾತೊಂದೇ ಬಂದಿತ್ತು. ದೀಪಕ್ಕಾದರೆ ಎಣ್ಣೆ ಬೇಕು, ಬತ್ತಿ ಬೇಕು. ಲೈಟಿಗೆ ಬಾಯಿದ್ದರೆ ಸಾಕು. ಊರವರ ದನಿಗಳನ್ನೆಲ್ಲ ಅಣಕಿಸಿಕೊಂಡು ತಿರುಗುವ ನನಗೆ ಬಾಯಿಗೇನು ಕೊರತೆ?

ನಮ್ಮಣ್ಣ ಮಾಳಪ್ಪ ಸುರಪುರದ ಸಂತೆಗೆ ಕುರಿ ಹೊಡೆದುಕೊಂಡು ಹೋದವನು ಒಬ್ಬ ಹುಡುಗಿಯನ್ನು ನೋಡಿ ಬಂದ. ಅವಳಲ್ಲದಿದ್ದರೆ ಮದುವೆಯೇ ಒಲ್ಲೆನೆಂದು, ಅವ್ವ ಎದುರಿಗಿದ್ದಾಗಲೆಲ್ಲ ಊಟ ಬಿಟ್ಟ. ಮಾತುಕತೆಗೆ ನನ್ನನ್ನು ಕಳಿಸಿದರು. ಹುಡುಗಿಯ ಅಪ್ಪ ಯಾದಗಿರಿ ಸ್ಟೇಷನ್ನಿನಲ್ಲಿ ಲೈಟ್ ಕಂಡು ಬೆರಗಾಗಿ ಬಂದ ಮನುಷ್ಯ. ಕೇಳಿದ್ದು ಒಂದೇ ಮಾತು: “ಮನ್ಯಾಗ ಲೈಟ್ ಅದನೋ ಇಲ್ಲೋ? ಇಲ್ಲಂದ್ರ ಹುಡುಗಿ ಕೊಡಂಗಿಲ್ಲ.”

“ಅದ ರೀ!” ಎಂದೆ, ಸ್ಟೇಷನ್ ಮಾಸ್ತರರ ಗತ್ತಿನಲ್ಲಿ.

ಅವರು ಮನೆ ನೋಡಲು ಬರುವ ದಿನ ಯಾದಗಿರಿಯಿಂದ ಒಂದು ಸುಟ್ಟ ಬಲ್ಬು ತಂದೆ. ವೈರಿಗೇನು ಮಾಡುವುದು? ಕಂಬಳಿಗೆಂದು ಅವ್ವ ನೂತಿಟ್ಟ ಕರಿ ಉಣ್ಣೆಯ ನೂಲಿತ್ತು. ಹೊಸೆದು ಕಟ್ಟಿದೆ. ಕೆಳಗೆ ನಿಂತು ನೋಡಿದರೆ ಸಾಕ್ಷಾತ್ ಹೈದರಾಬಾದು!

ಹಗಲಿಗೆ ಬಂದು ಹೋಗಬೇಕಾದವರು, ದಾರಿಯಲ್ಲಿ ಬಂಡಿಯ ಗಾಲಿ ಕಳಚಿ, ಮುಸ್ಸಂಜೆಗೆ ಬಂದರು. ಹುಡುಗಿಯ ಅಪ್ಪ, ಜೊತೆಗೆ ಅವನ ಮುದಿ ತಾಯಿ. ಕೂತ ಕೂಡಲೇ ಆತ, “ಹಚ್ರಿ ಲೈಟ್” ಎಂದ.

ನಾನು ಮೆಲ್ಲಗೆ ಗೋಡೆಯ ಹಿಂದೆ ಹೋಗಿ, ಕರೆಂಟಿನ ಸಾಹೇಬರೊಬ್ಬರ ದನಿ ತೆಗೆದು, “ಲೈನ್ ಬಂದ್ ಅದ! ಯಾರೂ ಮುಟ್ಟಬ್ಯಾಡ್ರಿ!” ಎಂದು ಗುಡುಗಿದೆ. ನಮ್ಮ ನಾಯಿ ಸಾಹೇಬರ ಗುರುತು ಹಿಡಿದು ಅವರ ಕಾಲು ನೆಕ್ಕಿತು.

ಒಳಗೆ ಬಂದು ನೋಡುತ್ತೇನೆ, ಲೈಟ್ ಚೆನ್ನಾಗಿ ಕಾಣಲೆಂದು ಅವ್ವ ಕಂದೀಲು ಹಚ್ಚಿ ಬಲ್ಬಿನ ಪಕ್ಕ ಎತ್ತಿ ಹಿಡಿದಿದ್ದಾಳೆ! ಮುದುಕಿ ಎದ್ದು ಬಂದು ನೂಲನ್ನು ತಿಕ್ಕಿ, ಮೂಸಿ, “ಈ ವೈರ್ ಕುರಿ ನಾತ ಹೊಡಿಯಾಕತ್ತದಲ್ಲೋ ತಮ್ಮಾ” ಎಂದಳು.

“ಥಂಡಿಗೆ ಕರೆಂಟ್ ನಿಂತು ಹೋಗ್ತದ ಆಯಿ. ಅದಕ್ಕ ಉಣ್ಣಿ ಸುತ್ತಿರ್ತಾರ್ರಿ.”

ಮುದುಕಿ ಒಮ್ಮೆ ಜಗ್ಗಿದಳು. ಬಲ್ಬು ಅವಳ ಉಡಿಗೆ ಬಿತ್ತು, ತೊಲೆಯ ಧೂಳು ನನ್ನ ತಲೆಗೆ. ಹುಡುಗಿಯ ಅಪ್ಪ ರುಮಾಲು ಜಾಡಿಸಿಕೊಂಡು ಎದ್ದ. “ನಡಿ ಯವ್ವ, ಸುಳ್ಳರ ಮನಿ ಇದು.”

ಅಣ್ಣನ ಮುಖ ನೋಡಲಾಗಲಿಲ್ಲ. ಈ ಸಲ ನಿಜವಾಗಿಯೂ ಊಟ ಬಿಡುವವನ ಮುಖ ಅದು. ನನ್ನ ಬಳಿಯಿದ್ದ ದನಿಗಳೆಲ್ಲ ಒಮ್ಮೆಲೇ ಖಾಲಿಯಾಗಿ, ಕೊನೆಗೆ ನನ್ನ ಸ್ವಂತದ್ದೇ ಹೊರಟಿತು: “ಅಣ್ಣಂದೇನೂ ತಪ್ಪಿಲ್ರಿ, ಕಟ್ಟಿದಾವ ನಾ.” ಅಪರಿಚಿತ ದನಿ ಕೇಳಿ ನಾಯಿ ಬೊಗಳಿತು.

ಮುದುಕಿ ಮಾತ್ರ ಮತ್ತೆ ಚಾಪೆಯ ಮೇಲೆ ಊರಿಕೊಂಡು ಕೂತು ಮಗನಿಗೆ ಅಂದಳು:

“ಕುಂದ್ರೋ ಸುಮ್ಕ! ಸುಳ್ಳು ಹೇಳಾಕೂ ನೆಟ್ಟಗ ಬರಲಾರದ ಮಂದಿ, ನಮ್ಮ ಹುಡುಗಿಗೆ ಏನ್ ಮೋಸ ಮಾಡ್ತಾರ? ಎಲಿ ಅಡಕಿ ತರ್ರಿ.”